‘ಕಿಸ್ ದ ಗರ್ಲ್ಸ್’: ಇಬ್ಬರು ಹಂತಕರ ಕಾದಂಬರಿಯ ಬಗ್ಗೆ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಜೇಮ್ಸ್ ಪ್ಯಾಟರ್ಸನ್ ಅವರ ಇಂಗ್ಲಿಷ್ ಕಾದಂಬರಿ ‘ಕಿಸ್ ದ ಗರ್ಲ್ಸ್’ ಪ್ರಕಟವಾದದ್ದು 1995ರಲ್ಲಿ. ಅಂದಿನಿಂದ ಇಂದಿನವರೆಗೂ ಇದನ್ನು ಓದಿ ಮುಗಿಸಿದವರು ಎರಡು ಪಂಗಡವಾಗುವುದು ತಪ್ಪಿಲ್ಲ. ಊಟ, ನಿದ್ದೆ ಬಿಟ್ಟು ಓದಿದೆವೆಂದು ಹೊಗಳುವವರು ಒಂದು ಕಡೆಯಾದರೆ, ಇಷ್ಟೊಂದು ಕ್ರೌರ್ಯವನ್ನು ಇಷ್ಟು ಸಲೀಸಾಗಿ ಓದಿಸಿಬಿಡುವುದು ಸರಿಯೇ ಎಂದು ಕಸಿವಿಸಿಗೊಳ್ಳುವವರು ಇನ್ನೊಂದು ಕಡೆ. ನಾನು ಇದನ್ನು ಮೂರು ಬಾರಿ ಓದಿದ್ದೇನೆ, ಹಲವರಿಗೆ ಓದಲು ಕೊಟ್ಟಿದ್ದೇನೆ, ಪುಸ್ತಕ ಹಿಂದಿರುಗಿಸುವಾಗ ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸಲು ತಡಕಾಡಿದ್ದೇನೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಹಂತಕ ಯಾರೆಂಬ ಗುಟ್ಟನ್ನು ಯಾವ ಉತ್ತರದಲ್ಲಿಯೂ ಬಿಟ್ಟುಕೊಟ್ಟಿಲ್ಲ.

ಕಥೆಯ ಹಂದರವೇನು?

ಅಲೆಕ್ಸ್ ಕ್ರಾಸ್ ವಾಷಿಂಗ್ಟನ್ ನಗರದ ಪೊಲೀಸ್ ಪತ್ತೇದಾರ; ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು; ಹೆಂಡತಿಯನ್ನು ಕಳೆದುಕೊಂಡು, ಇಬ್ಬರು ಮಕ್ಕಳೊಂದಿಗೂ ತನ್ನನ್ನು ಸಾಕಿ ಬೆಳೆಸಿದ ಅಜ್ಜಿಯೊಂದಿಗೂ ಬಾಳುತ್ತಿರುವವನು. ತೀರಿಕೊಂಡ ಅಣ್ಣನ ಮಗಳು ನಯೋಮಿ, ನಾರ್ತ್ ಕೆರೊಲಿನಾ ರಾಜ್ಯದ ಡರ್ಹ್ಯಾಮ್‌ನಲ್ಲಿರುವ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಿದ್ದವಳು, ಕಾಣೆಯಾಗಿದ್ದಾಳೆಂಬ ಸುದ್ದಿ ಬರುತ್ತದೆ. ಕ್ರಾಸ್ ತನ್ನ ಗೆಳೆಯ ಸ್ಯಾಂಪ್ಸನ್ ಜೊತೆ ಅಲ್ಲಿಗೆ ಹೋದಾಗ, ಅವಳಂತೆಯೇ ಇನ್ನೂ ಹಲವು ಯುವತಿಯರು ಕಾಣೆಯಾಗಿರುವುದು ತಿಳಿಯುತ್ತದೆ. ಅವರನ್ನು ಹೊತ್ತೊಯ್ದವನು ತನ್ನನ್ನು ಕ್ಯಾಸನೋವಾ ಎಂದು ಕರೆದುಕೊಳ್ಳುತ್ತಾನೆ, ಮುಖವಾಡವಿಲ್ಲದೆ ಅವರೆದುರು ಬರುವುದಿಲ್ಲ. ಇದೇ ಸಮಯದಲ್ಲಿ ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ನಲ್ಲಿ ‘ಜಂಟಲ್‌ಮನ್ ಕಾಲರ್’ ಎಂಬ ಹೆಸರಿನ ಇನ್ನೊಬ್ಬ ಹಂತಕ ಯುವತಿಯರನ್ನು ಕೊಲ್ಲುತ್ತಾ, ಪತ್ರಿಕೆಯ ವರದಿಗಾರ್ತಿಯೊಬ್ಬಳಿಗೆ ತನ್ನ ದಿನಚರಿಯ ಬರಹಗಳನ್ನು ಕಳುಹಿಸುತ್ತಿದ್ದಾನೆ. ಈ ಇಬ್ಬರ ನಡುವಿನ ನಂಟೇನು, ನಯೋಮಿ ಇನ್ನೂ ಬದುಕಿದ್ದಾಳೆಯೇ ಎಂಬ ಎರಡು ಪ್ರಶ್ನೆಗಳ ಮೇಲೆ ಕಾದಂಬರಿ ನಿಂತಿದೆ.

ಇದು ಸರಣಿಯ ಎರಡನೆಯ ಪುಸ್ತಕವಂತೆ. ಮೊದಲನೆಯದನ್ನು ಓದಿರಲೇಬೇಕೇ?

ಬೇಕಾಗಿಲ್ಲ. 1993ರಲ್ಲಿ ಬಂದ ಮೊದಲ ಪುಸ್ತಕ ‘ಅಲಾಂಗ್ ಕೇಮ್ ಎ ಸ್ಪೈಡರ್’ನ ಪ್ರಸ್ತಾಪ ಅಲ್ಲಲ್ಲಿ ಬರುತ್ತದೆಯಾದರೂ ಈ ಕಥೆ ತಾನೇ ತಾನಾಗಿ ನಿಲ್ಲುತ್ತದೆ. ಎರಡೂ ಶೀರ್ಷಿಕೆಗಳು ಇಂಗ್ಲಿಷ್ ಶಿಶುಗೀತೆಗಳಿಂದ ಬಂದವು. ಈ ಪುಸ್ತಕದ ಹೆಸರು, ಹುಡುಗಿಯರಿಗೆ ಮುತ್ತಿಟ್ಟು ಅಳಿಸಿದ ತುಂಟ ಹುಡುಗನೊಬ್ಬನ ಹಾಡಿನದು. ಮಕ್ಕಳ ಹಾಡಿನ ಈ ತುಣುಕು ಇಲ್ಲಿ ಎಷ್ಟು ಭೀಕರವಾದ ಅರ್ಥ ಪಡೆಯುತ್ತದೆ ಎಂಬುದು ಮೊದಲ ಐವತ್ತು ಪುಟಗಳಲ್ಲಿಯೇ ತಿಳಿಯುತ್ತದೆ.

ಕೈಗೆತ್ತಿಕೊಂಡರೆ ಕೆಳಗಿಡಲಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಈ ವೇಗದ ಗುಟ್ಟೇನು?

ಮೊದಲ ಕಾರಣ ಅಧ್ಯಾಯಗಳ ಅಳತೆ. ನೂರಕ್ಕೂ ಹೆಚ್ಚು ಅಧ್ಯಾಯಗಳಿರುವ ಈ ಪುಸ್ತಕದಲ್ಲಿ ಬಹುಪಾಲು ಅಧ್ಯಾಯಗಳು ಮೂರು, ನಾಲ್ಕು ಪುಟಗಳಲ್ಲಿ ಮುಗಿದುಹೋಗುತ್ತವೆ. ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಬೇಕೆಂದು ನಿರ್ಧರಿಸಿದ ಓದುಗ, ಮುಂದಿನದು ಎರಡೇ ಪುಟವೆಂದು ಕಂಡು ಇನ್ನೊಂದನ್ನು ಓದುತ್ತಾನೆ, ಅದು ಬಾಗಿಲು ತೆರೆದುಕೊಂಡ ಸದ್ದಿನಲ್ಲಿಯೋ ಫೋನ್ ಕರೆಯಲ್ಲಿಯೋ ನಿಲ್ಲುತ್ತದೆ, ಹಾಗಾಗಿ ಮತ್ತೊಂದು. ಗಡಿಯಾರ ಎರಡು ಹೊಡೆದದ್ದು ಗೊತ್ತಾಗುವುದೇ ಇಲ್ಲ.

ಎರಡನೆಯ ಕಾರಣ ನಿರೂಪಣೆಯ ಹೆಣಿಗೆ. ಕ್ರಾಸ್ ಬರುವ ಭಾಗಗಳು ‘ನಾನು’ ಎಂಬ ಉತ್ತಮ ಪುರುಷದಲ್ಲಿವೆ, ಹಂತಕರ ಮತ್ತು ಸೆರೆಯಾದ ಹೆಣ್ಣುಮಕ್ಕಳ ಭಾಗಗಳು ಪ್ರಥಮ ಪುರುಷದಲ್ಲಿವೆ. ಇದರಿಂದ ಕ್ರಾಸ್‌ಗೆ ತಿಳಿಯದ ಎಷ್ಟೋ ಸಂಗತಿ ಓದುಗನಿಗೆ ಮೊದಲೇ ತಿಳಿದಿರುತ್ತದೆ. ಮುಂದಿನ ಬಲಿ ಯಾರು ಎಂಬುದನ್ನು ಹಂತಕನ ಕಣ್ಣಿನಿಂದ ಕಂಡಿರುವ ನಾವು, ತಪ್ಪು ಜಾಡು ಹಿಡಿದು ಹೊರಟ ಪತ್ತೇದಾರನನ್ನು ಕೂಗಿ ಕರೆಯಲಾಗದೆ ಚಡಪಡಿಸುತ್ತೇವೆ. ಗುಟ್ಟನ್ನು ಮುಚ್ಚಿಟ್ಟು ಹುಟ್ಟಿಸುವ ಕುತೂಹಲಕ್ಕಿಂತ, ಅರ್ಧ ಗುಟ್ಟನ್ನು ಬಿಚ್ಚಿಟ್ಟು ಹುಟ್ಟಿಸುವ ಆತಂಕ ಹೆಚ್ಚು ಬಲವಾದುದೆಂಬುದನ್ನು ಈ ಲೇಖಕ ಚೆನ್ನಾಗಿ ಬಲ್ಲವರು.

ಪ್ಯಾಟರ್ಸನ್ ಜೆ. ವಾಲ್ಟರ್ ಥಾಂಪ್ಸನ್ ಎಂಬ ದೊಡ್ಡ ಜಾಹೀರಾತು ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು ಅದರ ಉನ್ನತ ಹುದ್ದೆಗೇರಿದವರೆಂಬುದನ್ನೂ ಇಲ್ಲಿ ನೆನೆಯಬೇಕು. ಮೂವತ್ತು ಸೆಕೆಂಡುಗಳಲ್ಲಿ ನೋಡುಗನ ಗಮನ ಸೆಳೆದು ಮಾತು ಮುಗಿಸುವುದು ಆ ವೃತ್ತಿಯ ಶಿಸ್ತು. ಆ ಶಿಸ್ತು ಪ್ರತಿ ಅಧ್ಯಾಯದ ಮೊದಲ ಸಾಲಿನಲ್ಲಿಯೂ ಕೊನೆಯ ಸಾಲಿನಲ್ಲಿಯೂ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ಆ ವೇಗವೇ ಈ ಪುಸ್ತಕದ ದೋಷ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆಯೇ?

ಇದೆ, ಮತ್ತು ಅದನ್ನು ಈ ಪುಸ್ತಕದ ಅಭಿಮಾನಿಗಳು ಗಂಭೀರವಾಗಿ ತೆಗೆದುಕೊಳ್ಳಬೇಕು. ಕೊಲೆಯೊಂದು ನಡೆದ ಮೇಲೆ ಸತ್ತವಳಿಗಾಗಿ ಒಂದು ಗಳಿಗೆ ನಿಲ್ಲುವ ವ್ಯವಧಾನ ಈ ಓಟಕ್ಕಿಲ್ಲ. ಲಾಸ್ ಏಂಜಲೀಸ್‌ನ ಭಾಗಗಳಲ್ಲಿ ಸಾಯುವ ಯುವತಿಯರಲ್ಲಿ ಎಷ್ಟು ಜನರ ಹೆಸರು ನಿಮಗೆ ನೆನಪಿದೆ ಎಂದು ಓದಿ ಮುಗಿಸಿದ ವಾರದ ನಂತರ ಕೇಳಿಕೊಳ್ಳಿ. ನಾನು ಮೊದಲ ಓದಿನ ನಂತರ ಹಾಗೆ ಕೇಳಿಕೊಂಡೆ. ಕ್ಯಾಸನೋವಾನ ಮುಖವಾಡ ಕಣ್ಣಿಗೆ ಕಟ್ಟಿತ್ತು, ಅವನು ಬಳಸಿದ ಮಾತುಗಳು ನೆನಪಿದ್ದವು, ಸತ್ತವರ ಹೆಸರು ಒಂದೂ ನೆನಪಿಗೆ ಬರಲಿಲ್ಲ. ಅಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಈ ನಾಚಿಕೆಯಲ್ಲಿ ಓದುಗನ ಪಾಲೂ ಇದೆ, ಲೇಖಕನ ಪಾಲೂ ಇದೆ. ಹಂತಕನಿಗೆ ಹೆಸರು, ಬಾಲ್ಯ, ಅಭಿರುಚಿ, ತತ್ವಜ್ಞಾನ ಎಲ್ಲವನ್ನೂ ಕೊಟ್ಟು, ಅವನ ಕೈಗೆ ಸಿಕ್ಕವಳಿಗೆ ಚೆಲುವನ್ನೂ ಭಯವನ್ನೂ ಮಾತ್ರ ಕೊಡುವುದು ಈ ಬಗೆಯ ಕಥೆಗಳ ಹಳೆಯ ಚಾಳಿ. ‘ಕಿಸ್ ದ ಗರ್ಲ್ಸ್’ ಆ ಚಾಳಿಯಿಂದ ಪೂರ್ತಿ ಬಿಡಿಸಿಕೊಂಡಿಲ್ಲ. ಆದರೆ ಒಂದು ಕಡೆ, ಅದೂ ಕಥೆಯ ನಟ್ಟನಡುವೆ, ಅದನ್ನು ಮುರಿದಿದೆ. ಆ ಒಂದು ಕಾರಣಕ್ಕಾಗಿಯೇ ನಾನು ಈ ಪುಸ್ತಕವನ್ನು ಇತರರಿಗೆ ಕೊಡುತ್ತೇನೆ.

ಯಾವುದದು?

ಕೇಟ್ ಮ್ಯಾಕ್‌ಟಿಯರ್ನನ್. ಚಾಪೆಲ್ ಹಿಲ್‌ನ ಆಸ್ಪತ್ರೆಯಲ್ಲಿ ಇಂಟರ್ನ್ ಆಗಿರುವ ಈ ಯುವ ವೈದ್ಯೆಯನ್ನು ಕ್ಯಾಸನೋವಾ ಹೊತ್ತೊಯ್ದು ನೆಲದಡಿಯ ತನ್ನ ಗುಪ್ತ ಮನೆಯಲ್ಲಿ ಕೂಡಿಹಾಕುತ್ತಾನೆ. ಅಲ್ಲಿ ಅವನು ಮಾಡಿಟ್ಟ ನಿಯಮಗಳಿವೆ. ಸೆರೆಯಲ್ಲಿರುವ ಹೆಣ್ಣುಮಕ್ಕಳು ಒಬ್ಬರೊಡನೊಬ್ಬರು ಮಾತನಾಡಬಾರದು ಎಂಬುದು ಅವುಗಳಲ್ಲಿ ಮುಖ್ಯವಾದುದು. ಔಷಧದ ಅಮಲಿನಲ್ಲಿ ಕೈಕಾಲು ಎತ್ತಲೂ ಆಗದ ಸ್ಥಿತಿಯಲ್ಲಿ ಕೇಟ್ ಮೊದಲು ಮಾಡುವ ಕೆಲಸವೆಂದರೆ ಆ ನಿಯಮವನ್ನೇ ಮುರಿಯುವುದು: ಕತ್ತಲಲ್ಲಿ ಗೋಡೆಯಾಚೆಗೆ ಕೇಳುವಂತೆ ಕೂಗಿ, ತಾನು ಯಾರೆಂದು ಹೇಳಿ, ಅಲ್ಲಿ ಇನ್ನಾರಿದ್ದೀರಿ ಎಂದು ಕೇಳುತ್ತಾಳೆ.

ಈ ದೃಶ್ಯವನ್ನು ನಿಧಾನವಾಗಿ ಓದಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದುವರೆಗೆ ಸಂಖ್ಯೆಯಾಗಿದ್ದವರು ಈ ಕೂಗಿನಿಂದ ಮನುಷ್ಯರಾಗುತ್ತಾರೆ. ಮುಂದೆ ಕರಾಟೆ ಬಲ್ಲ ಕೇಟ್ ಅವನ ಮೇಲೆ ಎರಗಿ, ಕಾಡಿನೊಳಗೆ ಓಡಿ, ಎತ್ತರದಿಂದ ನದಿಗೆ ಧುಮುಕಿ ಪಾರಾಗುವ ಭಾಗ ಎಲ್ಲರಿಗೂ ನೆನಪಿರುತ್ತದೆ, ಅದು ಸಹಜ. ನನ್ನ ಮಟ್ಟಿಗೆ ಪುಸ್ತಕದ ಎದೆಬಡಿತ ಇರುವುದು ಆ ಕೂಗಿನಲ್ಲಿ. ಪಾರಾದ ಮೇಲೆಯೂ ಅವಳು ಮೂಲೆ ಸೇರುವುದಿಲ್ಲ. ಕ್ರಾಸ್ ಜೊತೆ ಲಾಸ್ ಏಂಜಲೀಸ್‌ವರೆಗೂ ಹೋಗುತ್ತಾಳೆ, ಒಳಗೆ ಉಳಿದವರಿಗಾಗಿ. ಇಡೀ ಕಾದಂಬರಿಯಲ್ಲಿ ಸತ್ತವರನ್ನೂ ಸೆರೆಯಾದವರನ್ನೂ ಮರೆಯದೆ ಹೊತ್ತು ತಿರುಗುವವಳು ಅವಳೊಬ್ಬಳೇ.

ಹಿಂಸೆಯ ವರ್ಣನೆ ಎಷ್ಟರಮಟ್ಟಿಗಿದೆ? ಓದಲು ಸಾಧ್ಯವೇ?

ಸಾಕಷ್ಟಿದೆ. ಅಪಹರಣ, ಅತ್ಯಾಚಾರ, ಚಿತ್ರಹಿಂಸೆ ಇವೆಲ್ಲ ಕಥೆಯಲ್ಲಿವೆ, ಕೆಲವೊಂದು ಹಂತಕನ ದೃಷ್ಟಿಯಿಂದಲೇ ಬರುತ್ತವೆ. ಅವನ ವಿಕೃತಿಯನ್ನು ತಿಳಿಸಲು ಅಷ್ಟೆಲ್ಲ ಬೇಕಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೆರಡು ಕಡೆ ವರ್ಣನೆ ಅಸಹ್ಯದ ಗೆರೆ ದಾಟುತ್ತದೆ. ಇಂಥ ಅನುಭವದ ನೆರಳು ತಮ್ಮ ಬದುಕಿನ ಮೇಲೆ ಬಿದ್ದಿರುವವರು ಈ ಪುಸ್ತಕವನ್ನು ಬಿಟ್ಟುಬಿಟ್ಟರೆ ಏನನ್ನೂ ಕಳೆದುಕೊಳ್ಳುವುದಿಲ್ಲ. ಅರ್ಧಕ್ಕೆ ಮುಚ್ಚಿಟ್ಟವರು ತಮ್ಮದು ದುರ್ಬಲ ಮನಸ್ಸೆಂದು ಕೊರಗಬೇಕಾಗಿಲ್ಲ.

ಇಬ್ಬರು ಹಂತಕರು ಒಬ್ಬರಿಗೊಬ್ಬರು ನಂಟು ಇಟ್ಟುಕೊಳ್ಳುವುದು ನಂಬುವಂಥದ್ದೇ?

ಜೋಡಿ ಹಂತಕರು ವಾಸ್ತವದಲ್ಲಿಯೂ ಇದ್ದರು. 1977 ಮತ್ತು 1978ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಹೆಣ್ಣುಮಕ್ಕಳನ್ನು ಕೊಂದ ಕೆನೆತ್ ಬಿಯಾಂಕಿ ಮತ್ತು ಏಂಜಲೋ ಬ್ಯೂನೋ ಸಂಬಂಧಿಕರಾಗಿದ್ದರು. ಹಂತಕ ಒಬ್ಬನೇ ಎಂದು ಪತ್ರಿಕೆಗಳು ಮೊದಲು ಭಾವಿಸಿದ್ದವು. ಅಮೆರಿಕದ ಎಫ್‌ಬಿಐ 2005ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನಡೆಸಿದ ತಜ್ಞರ ಸಭೆಯಿಂದ ಹೊರಬಂದ ವ್ಯಾಖ್ಯೆಯೂ ಹಂತಕ ಒಬ್ಬನಿರಬಹುದು ಅಥವಾ ಹೆಚ್ಚು ಜನರಿರಬಹುದು ಎಂಬುದನ್ನು ಒಪ್ಪಿಕೊಂಡು, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರು ಅಥವಾ ಹೆಚ್ಚು ಜನರನ್ನು ಕೊಲ್ಲುವುದನ್ನು ಸರಣಿ ಕೊಲೆ ಎಂದು ಕರೆಯುತ್ತದೆ. ಆದರೆ ದೇಶದ ಎರಡು ಕರಾವಳಿಗಳಲ್ಲಿ ಕೂತು ಪರಸ್ಪರ ಪೈಪೋಟಿ ನಡೆಸುವ, ಪ್ರೇಮಪತ್ರದಂಥ ಭಾಷೆಯಲ್ಲಿ ಮಾತನಾಡುವ ಇಬ್ಬರು ಸುಸಂಸ್ಕೃತ ಹಂತಕರು ಕಲ್ಪನೆಯ ಕೂಸು.

ನನಗೆ ನಂಬಲು ಕಷ್ಟವಾದದ್ದು ಇನ್ನೊಂದು. ಕಾದಂಬರಿಯ ಕ್ಯಾಸನೋವಾ ಅಸಾಧಾರಣ ಹೆಣ್ಣುಮಕ್ಕಳನ್ನೇ ಆಯುತ್ತಾನೆ: ವೈದ್ಯೆ, ಕಾನೂನು ವಿದ್ಯಾರ್ಥಿನಿ, ಪ್ರತಿಭಾವಂತೆ, ಊರೇ ಹುಡುಕುವಂಥವಳು. ವಾಸ್ತವದಲ್ಲಿ ಇಂಥ ಕೊಲೆಗಾರರು ವರ್ಷಗಟ್ಟಲೆ ಸಿಕ್ಕಿಬೀಳದೆ ಉಳಿಯುವುದಕ್ಕೆ ಮುಖ್ಯ ಕಾರಣ, ಅವರು ಆರಿಸಿಕೊಂಡವರನ್ನು ಯಾರೂ ಗಟ್ಟಿಯಾಗಿ ಹುಡುಕದಿರುವುದು. ನಮ್ಮ ದಕ್ಷಿಣ ಕನ್ನಡದ ಸಯನೈಡ್ ಮೋಹನನ ಪ್ರಕರಣವನ್ನೇ ನೋಡಿ. 2009ರಲ್ಲಿ ಬಂಧನಕ್ಕೊಳಗಾದ ಈ ಮಾಜಿ ಶಾಲಾ ಶಿಕ್ಷಕ, ಮದುವೆಯಾಗುವುದಾಗಿ ನಂಬಿಸಿದ್ದು ಬಡ ಮನೆಗಳ ಹೆಣ್ಣುಮಕ್ಕಳನ್ನು; ಗರ್ಭನಿರೋಧಕ ಮಾತ್ರೆಯೆಂದು ಹೇಳಿ ಸಯನೈಡ್ ಕೊಟ್ಟ ಮೇಲೆ ಅವರ ಶವ ಸಿಗುತ್ತಿದ್ದುದು ದೂರದ ಊರಿನ ಬಸ್ ನಿಲ್ದಾಣದ ಶೌಚಾಲಯದಲ್ಲಿ. ಬೇರೆ ಬೇರೆ ಠಾಣೆಗಳಲ್ಲಿ ಬಿಡಿಬಿಡಿಯಾಗಿ ದಾಖಲಾದ ಆ ಸಾವುಗಳನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಲು ವರ್ಷಗಳೇ ಹಿಡಿದವು. ಅಲ್ಲಿ ಮುಖವಾಡವೂ ಇರಲಿಲ್ಲ, ನೆಲದಡಿಯ ಅರಮನೆಯೂ ಇರಲಿಲ್ಲ. ಕಾದಂಬರಿಯ ಹಂತಕನ ಜಾಣ್ಮೆಗೆ ಬೆರಗಾಗುವ ಓದುಗರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ನೆಲದಡಿಯ ಆ ಮನೆಯ ಭಾಗವನ್ನು ಕೆಲವರು ಬಹಳ ಮೆಚ್ಚುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಕ್ಯಾಸನೋವಾನ ಅಡಗುತಾಣ ಎಷ್ಟು ಹುಡುಕಿದರೂ ಸಿಗದು. ನಕ್ಷೆಯಲ್ಲಿಲ್ಲದ ಮನೆ ಅದು. ಅದರ ಜಾಡು ಕೊನೆಗೆ ಗುಲಾಮಗಿರಿಯ ಕಾಲದ ಇತಿಹಾಸದೊಳಗೆ ಇಳಿಯುತ್ತದೆ. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದಾಗುವ ಮೊದಲು, ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡ ಕಪ್ಪು ಜನರನ್ನು ಉತ್ತರದ ರಾಜ್ಯಗಳಿಗೂ ಕೆನಡಾಕ್ಕೂ ಗುಟ್ಟಾಗಿ ದಾಟಿಸುವ ಜಾಲವೊಂದಿತ್ತು. ಅದನ್ನು ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂದು ಕರೆಯುತ್ತಿದ್ದರು. ಹಳಿಯೂ ಇಲ್ಲದ, ಬಂಡಿಯೂ ಇಲ್ಲದ, ಮನೆಯಿಂದ ಮನೆಗೆ ನಂಬಿಕೆಯ ಮೇಲೆ ಸಾಗುವ ದಾರಿ ಅದು. ಬಿಡುಗಡೆಗೆಂದು ತೋಡಿದ ಅಡಗುತಾಣ ಈ ಕಥೆಯಲ್ಲಿ ಸೆರೆಮನೆಯಾಗಿದೆ.

ಅದನ್ನು ಹುಡುಕುತ್ತಿರುವವನು ಕಪ್ಪು ಪತ್ತೇದಾರ, ಅದರೊಳಗಿರುವವಳು ಅವನ ಅಣ್ಣನ ಮಗಳು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದವರೆಗೆ ಕಪ್ಪು ವಿದ್ಯಾರ್ಥಿಗಳಿಗೆ ಪ್ರವೇಶವೇ ಇರಲಿಲ್ಲವೆಂಬುದನ್ನು ತಿಳಿದು ಓದಿದರೆ, ನಯೋಮಿ ಅಲ್ಲಿ ಕಾನೂನು ಓದುತ್ತಿದ್ದಳೆಂಬ ಸಾಲಿಗೇ ಬೇರೆ ತೂಕ ಬರುತ್ತದೆ. ಇಷ್ಟು ಸಮೃದ್ಧವಾದ ವಸ್ತುವನ್ನು ಕೈಯಲ್ಲಿ ಹಿಡಿದೂ ಲೇಖಕರು ಅದರ ಮೇಲೆ ಕೆಲವೇ ಪುಟ ನಿಂತು ಮುಂದೋಡಿದ್ದಾರೆ. ಪುಸ್ತಕದ ವೇಗದ ಮೇಲೆ ನನಗಿರುವ ಅತಿ ದೊಡ್ಡ ಬೇಸರ ಇದೇ. ಇಲ್ಲಿ ಇನ್ನೂ ಮೂವತ್ತು ಪುಟ ನಿಧಾನಿಸಿದ್ದರೆ ಯಾರೂ ಪುಸ್ತಕ ಮುಚ್ಚಿಡುತ್ತಿರಲಿಲ್ಲ.

ಬಿಳಿಯ ಲೇಖಕರು ಕಪ್ಪು ನಾಯಕನನ್ನು ಚಿತ್ರಿಸಿರುವುದನ್ನು ಓದುಗರು ಹೇಗೆ ಕಾಣುತ್ತಾರೆ?

ಕ್ರಾಸ್‌ನ ಮನೆಯನ್ನು ಬಹುತೇಕ ಎಲ್ಲರೂ ಪ್ರೀತಿಸುತ್ತಾರೆ. ನಾನಾ ಮಾಮಾ ಎಂದು ಎಲ್ಲರೂ ಕರೆಯುವ ಅಜ್ಜಿ, ನಿವೃತ್ತ ಶಿಕ್ಷಕಿ, ಮೊಮ್ಮಗ ಎಷ್ಟೇ ದೊಡ್ಡ ಅಧಿಕಾರಿಯಾದರೂ ಅವನ ಇಂಗ್ಲಿಷ್ ವ್ಯಾಕರಣವನ್ನೂ ನಡತೆಯನ್ನೂ ತಿದ್ದುವವರು; ಜಗುಲಿಯಲ್ಲಿ ಕೂತು ಕ್ರಾಸ್ ಪಿಯಾನೋ ನುಡಿಸುವುದು; ಮಕ್ಕಳಾದ ಡೇಮನ್ ಮತ್ತು ಜಾನೀ. ಕೂಡುಕುಟುಂಬದಲ್ಲಿ ಬೆಳೆದ ನಮ್ಮವರಿಗೆ ಈ ಮನೆ ಪರಿಚಿತವೆನಿಸುತ್ತದೆ. ಅಣ್ಣನ ಮಗಳಿಗಾಗಿ ಎಲ್ಲವನ್ನೂ ಬಿಟ್ಟು ಹೊರಡುವ ಚಿಕ್ಕಪ್ಪನನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾದ ಅಗತ್ಯವೇ ಬೀಳುವುದಿಲ್ಲ. ಆದರೆ ದಕ್ಷಿಣದ ಊರೊಂದರಲ್ಲಿ ಕಪ್ಪು ಪೊಲೀಸ್ ಅಧಿಕಾರಿ ಎದುರಿಸುವ ಕಣ್ಣೋಟ, ಮಾತಿನ ಮುಳ್ಳು ಇವೆಲ್ಲ ಕಥೆಯಲ್ಲಿ ಮೇಲ್ಮೈಯಲ್ಲಷ್ಟೇ ತೇಲುತ್ತವೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ.

ಹಂತಕ ಯಾರೆಂಬುದನ್ನು ಊಹಿಸಬಹುದೇ? ಅಂತ್ಯ ತೃಪ್ತಿ ಕೊಡುತ್ತದೆಯೇ?

ನನ್ನ ಬಳಿಯಿರುವ ಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕ. ಬೆನ್ನು ಎರಡು ಕಡೆ ಸೀಳಿದೆ, ಅಂಟು ಟೇಪು ಹಳದಿಗಟ್ಟಿದೆ. ಅದನ್ನು ನನಗಿಂತ ಮೊದಲು ಓದಿದವರು ಯಾರೋ ಅಂಚಿನಲ್ಲಿ ಪೆನ್ಸಿಲ್‌ನಿಂದ ತಮ್ಮ ಅನುಮಾನಗಳನ್ನು ಬರೆಯುತ್ತಾ ಹೋಗಿದ್ದಾರೆ. ಮೊದಲ ಭಾಗದಲ್ಲಿ ಒಂದು ಹೆಸರಿದೆ, ಎಪ್ಪತ್ತು ಪುಟದ ನಂತರ ಅದನ್ನು ಹೊಡೆದುಹಾಕಿ ಇನ್ನೊಂದು ಹೆಸರು, ಆಮೇಲೆ ಮೂರನೆಯದು, ಅದರ ಪಕ್ಕದಲ್ಲಿ ಒತ್ತಿ ಬರೆದ ಪ್ರಶ್ನಾರ್ಥಕ ಚಿಹ್ನೆ. ಕೊನೆಯ ಐವತ್ತು ಪುಟಗಳಲ್ಲಿ ಪೆನ್ಸಿಲ್ ಗುರುತೇ ಇಲ್ಲ. ಅಷ್ಟು ಹೊತ್ತಿಗೆ ಬರೆಯಲು ಅವರಿಗೆ ಪುರುಸೊತ್ತು ಸಿಕ್ಕಿರಲಾರದು.

ಮೂರು ಊಹೆಗಳೂ ತಪ್ಪಾಗಿದ್ದವು. ಆ ಓದುಗರನ್ನು ದೂರುವಂತಿಲ್ಲ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಉತ್ತರ ತಿಳಿದ ಮೇಲೆ ಹಿಂದಿರುಗಿ ನೋಡಿದರೆ ಸುಳಿವುಗಳು ಕಣ್ಣೆದುರೇ ಬಿದ್ದಿರಬೇಕು. ಇಲ್ಲಿ ಹಾಗೆ ಹಿಂದಿರುಗಿ ನೋಡಿದಾಗ ನನಗೆ ಸಿಕ್ಕ ಸುಳಿವುಗಳು ತೀರ ತೆಳುವಾದವು. ಹಂತಕನ ಮುಖ ಕಳಚಿದ ಗಳಿಗೆ ಬೆಚ್ಚಿಬೀಳಿಸುತ್ತದೆ ನಿಜ, ‘ಛೇ, ನನಗೆ ಹೊಳೆಯಬೇಕಿತ್ತು’ ಎನ್ನಿಸುವುದಿಲ್ಲ. ಸುಳಿವು ಹೆಕ್ಕುತ್ತಾ ಲೇಖಕನ ಜೊತೆ ಪಂದ್ಯ ಆಡಲು ಬಯಸುವವರಿಗೆ ಅಂತ್ಯ ನಿರಾಸೆ ತರುತ್ತದೆ, ಓಟದ ರಭಸವನ್ನೇ ಬಯಸಿ ಬಂದವರಿಗೆ ತರುವುದಿಲ್ಲ.

ಸಿನಿಮಾ ನೋಡಿದ್ದೇನೆ. ಇನ್ನು ಪುಸ್ತಕ ಓದುವ ಅಗತ್ಯವಿದೆಯೇ?

ಗ್ಯಾರಿ ಫ್ಲೆಡರ್ ನಿರ್ದೇಶನದ 1997ರ ಚಿತ್ರದಲ್ಲಿ ಮಾರ್ಗನ್ ಫ್ರೀಮನ್ ಕ್ರಾಸ್ ಆಗಿಯೂ ಆ್ಯಶ್ಲಿ ಜಡ್ ಕೇಟ್ ಆಗಿಯೂ ನಟಿಸಿದ್ದಾರೆ. ಫ್ರೀಮನ್ ಅವರ ಕ್ರಾಸ್ ಪುಸ್ತಕದವನಿಗಿಂತ ಹಿರಿಯ, ಶಾಂತ, ಮಿತಭಾಷಿ. ಕಥೆಯ ವಿವರಗಳನ್ನು ಚಿತ್ರಕ್ಕಾಗಿ ಹಲವು ಕಡೆ ಬದಲಿಸಿರುವುದರಿಂದ ಪುಸ್ತಕದ ಕುತೂಹಲ ಪೂರ್ತಿ ಕೆಡುವುದಿಲ್ಲ. ಇಬ್ಬರು ಹಂತಕರ ನಡುವಿನ ನಂಟು ಪುಸ್ತಕದಲ್ಲಿಯೇ ಚೆನ್ನಾಗಿ ಬಂದಿದೆ.

ಕನ್ನಡದ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಇದು ಹಿಡಿಸುತ್ತದೆಯೇ?

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಓದು ಕಲಿತ ತಲೆಮಾರೊಂದು ನಮ್ಮಲ್ಲಿದೆ. ಸ್ವತಃ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು 500ಕ್ಕೂ ಹೆಚ್ಚು ಕಾದಂಬರಿ ಬರೆದು, ಬಾಡಿಗೆ ಪುಸ್ತಕದ ಅಂಗಡಿಗಳ ಮುಂದೆ ಓದುಗರು ಕಾಯುವಂತೆ ಮಾಡಿದರು. ಸಣ್ಣ ವಾಕ್ಯ, ಅವಸರದ ಘಟನೆಗಳು, ಅಧ್ಯಾಯದ ಕೊನೆಗೊಂದು ಕೊಕ್ಕೆ: ಅವರ ಓದುಗರಿಗೆ ಪ್ಯಾಟರ್ಸನ್ ಅವರ ನಡಿಗೆ ಹೊಸದೆನಿಸುವುದಿಲ್ಲ. ಹೊಸದೆನಿಸುವುದು, ಹಲವರನ್ನು ಕೆರಳಿಸುವುದು, ಅಪರಾಧಿಯ ತಲೆಯೊಳಗೆ ಇಷ್ಟು ಹೊತ್ತು ಕೂರಬೇಕಾಗಿ ಬರುವುದು. ಪುರುಷೋತ್ತಮನ ಕಥೆಗಳಲ್ಲಿ ನಾವು ಯಾವಾಗಲೂ ಪತ್ತೇದಾರನ ಹೆಗಲ ಪಕ್ಕದಲ್ಲಿರುತ್ತಿದ್ದೆವು. ಕಳ್ಳನ ಎದೆಯೊಳಗೆ ಇಣುಕುವ ಸಂದರ್ಭ ಬರುತ್ತಿರಲಿಲ್ಲ.

ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆ. ಭಾಷೆ ಕಷ್ಟವಾದೀತೇ?

ಆಗದು. ವಾಕ್ಯಗಳು ಚಿಕ್ಕವು, ಮಾತುಕತೆಯೇ ಹೆಚ್ಚು. ಅಮೆರಿಕದ ಆಡುಮಾತಿನ ಕೆಲವು ಪದಗಳು ತೊಡಕಾದರೂ ಸಂದರ್ಭದಿಂದ ಅರ್ಥವಾಗುತ್ತವೆ.

ಮನೆಯಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿದ್ದಾರೆ. ಅವರಿಗೆ ಕೊಡಬಹುದೇ?

ಹೈಸ್ಕೂಲಿನವರಿಗೆ ಬೇಡ. ಪಿಯುಸಿ ದಾಟಿದವರು ಓದುವುದಾದರೆ ದೊಡ್ಡವರು ಮೊದಲೇ ಓದಿಟ್ಟುಕೊಂಡಿರುವುದು ಒಳ್ಳೆಯದು, ಏಕೆಂದರೆ ಅವರು ಪ್ರಶ್ನೆ ಕೇಳುತ್ತಾರೆ. ನನ್ನ ತಂಗಿಯ ಮಗಳು ಪದವಿಯ ಮೊದಲ ವರ್ಷದಲ್ಲಿ ಇದನ್ನು ಎರಡು ದಿನದಲ್ಲಿ ಓದಿ ಮುಗಿಸಿ ಬಂದು, ಹಂತಕನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ದೊಡ್ಡಮ್ಮ, ಕೇಟ್ ಕೂಗಿದಾಗ ಉತ್ತರ ಕೊಟ್ಟವರಲ್ಲಿ ಎಷ್ಟು ಜನ ಮನೆಗೆ ಹೋದರು, ನೀವು ಲೆಕ್ಕ ಹಾಕಿದ್ದೀರಾ?’ ಎಂದು ಕೇಳಿದಳು. ನಾನು ಹಾಕಿರಲಿಲ್ಲ. ಆ ಸಂಜೆ ಇಬ್ಬರೂ ಕೂತು, ಸೀಳಿದ ಬೆನ್ನಿನ ಆ ಹಳೆಯ ಪುಸ್ತಕದ ಪುಟ ತಿರುವಿ ಹೆಸರುಗಳನ್ನು ಒಂದೊಂದಾಗಿ ಹುಡುಕಿ, ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟೆವು.